ನಿಲ್ಲುವವರ ಲೆಕ್ಕ

ಊರಿನ ಚೌಕ್ ಚಂದ ಮಾಡಬೇಕೆಂದು ಯಾರಿಗಾದರೂ ಮನಸ್ಸಾದರೆ ಮೊದಲು ಬರುವುದು ಕಬ್ಬಿಣದ ಕಟಕಟೆ. ಒಳಗೊಂದು ಕಾರಂಜಿ, ಮೇಲೊಂದು ಹೈಮಾಸ್ಟ್ ದೀಪ. ಕಾರಂಜಿ ಉದ್ಘಾಟನೆಯ ದಿನ ಮನಸಾರೆ ಚಿಮ್ಮುತ್ತದೆ. ಆಮೇಲೆ ಅದರ ತೊಟ್ಟಿ ಗುಟಕಾ ಚೀಟಿಗಳ ಪಾಲು.

ಹುಮನಾಬಾದ್ ಹಾದುಹೋಗುವವರ ಊರು. ಪುಣೆ–ಹೈದರಾಬಾದ್ ಹೆದ್ದಾರಿಗೆ ಬೀದರ್–ಕಲಬುರಗಿ ರಸ್ತೆ ಅಡ್ಡ ಬರುವುದು ಇಲ್ಲೇ. 2017ರಲ್ಲಿ ಬೀದರ್–ಕಲಬುರಗಿ ರೈಲೂ ಬಂತು. ಹಾಗಾಗಿ ನಕ್ಷೆ ಬರೆಯುವವರು ಗಾಡಿಗಳ ಲೆಕ್ಕ ಹಾಕುತ್ತಾರೆ. ನಿಲ್ಲುವವರ ಲೆಕ್ಕ ಬಿಟ್ಟುಹೋಗುತ್ತದೆ.

ಏಪ್ರಿಲ್ ಮಧ್ಯಾಹ್ನ ನೋಡಬೇಕು. ಅಂಗಡಿ ಬೋರ್ಡಿನ ನೆರಳು ಎಷ್ಟಗಲವೋ ಜನರ ಸಾಲೂ ಅಷ್ಟೇ ಅಗಲ. ನೆರಳು ಸರಿದಂತೆ ಚೀಲ, ಕೂಸು, ಕೊಡ ಎಲ್ಲವೂ ಸರಿಯುತ್ತವೆ. ಟಂಟಂ ಹುಡುಗ ಹಾರ್ನ್ ಹೊಡೆದು, "ಕಾಕಾ, ಆ ಕಡಿ ಸರೀರಿ, ಗಾಡಿ ತಾಕತದ" ಅನ್ನುತ್ತಾನೆ. "ಆ ಕಡಿ ಬಿಸಲದ, ನೀನೇ ಸರಿಯೋ ತಮ್ಮಾ" ಎಂದು ಕಾಕಾ ಅಲ್ಲೇ ನಿಲ್ಲುತ್ತಾರೆ. ಯಾವ ಎಂಜಿನಿಯರನ ನಕ್ಷೆಯಲ್ಲೂ ಈ ಜಗಳಕ್ಕೆ ಜಾಗವಿಲ್ಲ.

ಹಳೆಯವರು ಚೌಕಿನ ನಡುವೆ ಏನಾದರೂ ಇಟ್ಟರೆ ಅದಕ್ಕೊಂದು ಕೆಲಸ ಹಚ್ಚಿರುತ್ತಿದ್ದರು. ಬೀದರಿನ ಹಳೇ ಪೇಟೆಯ ಎರಡು ದೊಡ್ಡ ಬೀದಿ ಕೂಡುವಲ್ಲಿ ನಿಂತ 71 ಅಡಿಯ ಚೌಬಾರಾ ಕಾವಲಿನ ಬುರುಜು. ಇತ್ತ ಬಸವಕಲ್ಯಾಣವಂತೂ ಕೂತು ಮಾತಾಡುವುದನ್ನೇ ಅನುಭವ ಮಂಟಪವೆಂದು ದೊಡ್ಡದು ಮಾಡಿದ ಊರು. ಅದರ ನೆರೆಯವರಾದ ನಾವು ಚೌಕಿನಲ್ಲಿ ಕೂಡ್ರಲು ಬೇರೆಯವರ ಅಂಗಡಿ ಮೆಟ್ಟಿಲು ಹುಡುಕುತ್ತೇವೆ.

ನನ್ನನ್ನು ಕೇಳಿದರೆ ನಡುವೆ ಏನೂ ಬೇಡ. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆ ಜನ ನೆರೆದಾಗ ಖಾಲಿ ಜಾಗದ ಬೆಲೆ ಗೊತ್ತಾಗುತ್ತದೆ. ಇರುವುದೆಲ್ಲ ಅಂಚಿನಲ್ಲಿರಲಿ: ನಾಲ್ಕು ಬೇವಿನ ಗಿಡ, ಬುಡಕ್ಕೆ ಮೊಣಕಾಲೆತ್ತರದ ಕಟ್ಟೆ, ಕುಡಿಯುವ ನೀರಿನ ನಳ, ಹೆಂಗಸರಿಗೆ ಬೀಗ ಹಾಕದ ಶೌಚಾಲಯ. ಮಿರ್ಚಿ ಬಂಡಿ, ಹೂವಿನ ಬುಟ್ಟಿಗಳಿಗೂ ಗೆರೆ ಎಳೆದು ಜಾಗ ಕೊಡಲಿ. ಬೀದಿಬದಿ ವ್ಯಾಪಾರಿಗಳಿಗೆ ಜಾಗ ಗುರುತಿಸಬೇಕೆಂದು 2014ರ ಕಾಯ್ದೆಯೇ ಹೇಳುತ್ತದೆ. ಪೊಲೀಸರು ಬಂದಾಗೊಮ್ಮೆ ಬಂಡಿ ತಳ್ಳಿಕೊಂಡು ಓಡುವುದಾದರೂ ತಪ್ಪುತ್ತದೆ, ಎಣ್ಣೆ ತುಳುಕುವುದೂ ತಪ್ಪುತ್ತದೆ.

"ಹಂಗಾದ್ರ ಉದ್ಘಾಟನೆ ಯಾತರದ್ದು ಮಾಡೋಣ್ರೀ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇವಿಗೆ ಒಂದು ಕೊಡ ನೀರು ಹಾಕಿ ಹೋಗಲಿ. ಹೆಸರಿನ ಕಲ್ಲು ಬೇಕೇ ಬೇಕಾದರೆ, ಆ ಗಿಡದ ನೆರಳಿಗೆ ಹತ್ತು ಮಂದಿ ಕೂತ ವರ್ಷ ಹಾಕಿಸಲಿ. ಅಷ್ಟು ವರ್ಷ ನೀರು ಹಾಕಿದವರ ಹೆಸರು ಕೆತ್ತಿಸಲು ನಮ್ಮದೇನೂ ತಕರಾರಿಲ್ಲ.