ನೇರಳೆ ಮಾರ್ಗದ ಭಾಮಿನಿ

ಕೆಂಗೇರಿ ಕಡೆ ಹೋಗುವ ಮೆಟ್ರೊದಲ್ಲಿ ನಿಲ್ದಾಣದ ಹೆಸರು ಕೂಗುವಾಗ ಕಿವಿಗೊಟ್ಟು ಕೇಳಿ. ‘ಜ್ಞಾನಭಾರತಿ’ ಬಂದಾಗ ಬೆರಳು ಮಡಿಸಿ ಮಾತ್ರೆ (ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು) ಎಣಿಸಿ: ಜ್ಞಾನ, ಮೂರು ಮಾತ್ರೆ. ಭಾರತಿ, ನಾಲ್ಕು. ಆರು ಸಾಲಿನ ಭಾಮಿನಿ ಷಟ್ಪದಿಯ ಅರ್ಧ ಸಾಲು ಅಲ್ಲೇ ಸಿಕ್ಕಿತು! ಮೂರು-ನಾಲ್ಕು, ಮೂರು-ನಾಲ್ಕು ಎಂಬ ಇದೇ ನಡೆಯಲ್ಲಿ ಕುಮಾರವ್ಯಾಸ ಹತ್ತು ಪರ್ವಗಳ ಭಾರತ ಹೇಳಿದ.

ಇಂಥ ನಡೆಯಲ್ಲಿ ಗದ್ಯವನ್ನು ಪದ್ಯ ಮಾಡುವುದೆಂದರೆ ಕಷ್ಟದ ಪದ ಹುಡುಕುವುದು ಎಂದು ಬಹಳ ಜನ ಹೆದರುತ್ತಾರೆ. ಹಾಗೇನಿಲ್ಲ. ‘ಮಳೆ ಬಂದು ರಸ್ತೆ ತುಂಬಿ, ಕೊಳಚೆ ನೀರಿನಲ್ಲಿ ಬೈಕ್ ನಿಂತುಹೋಯ್ತು’ ಅಂತ ವಿಜಯನಗರದಲ್ಲಿ ಯಾರೋ ಫೋನಿನಲ್ಲಿ ಹೇಳುವ ಮಾತನ್ನೇ ತೆಗೆದುಕೊಳ್ಳಿ:

ಮಳೆಯು ಸುರಿಯಲು ಬೀದಿ ತುಂಬಿತು
ಕೊಳೆಯ ನೀರಲಿ ಬೈಕು ನಿಂತಿತು

ಸಾಲಿಗೆ 14 ಮಾತ್ರೆ. ‘ನೀರಿನಲ್ಲಿ’ ಆರು ಮಾತ್ರೆ ತಿನ್ನುತ್ತಿತ್ತು, ‘ನೀರಲಿ’ ನಾಲ್ಕಕ್ಕೆ ಒಗ್ಗಿತು. ಬೈಕಿಗೊಂದು ಉಕಾರ ಸೇರಿ ಮೂರಾಯಿತು. ‘ಕೊಳಚೆ’ ಹೋಗಿ ‘ಕೊಳೆಯ’ ಬಂತು, ಎರಡನೆಯ ಅಕ್ಷರದ ‘ಳ’ ಮಾತ್ರ ಉಳಿಯಲೇಬೇಕಿತ್ತು; ಅದು ಆದಿಪ್ರಾಸ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಕೊನೆಯಲ್ಲಲ್ಲ, ಶುರುವಿನಲ್ಲಿ ಕಟ್ಟಿದರು. ಹೊಸ ಬರಹಗಾರರು ಇದನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಬೇಕೆಂದು ನನಗೆ ತುಂಬಾ ಆಸೆ. ಛಂದಸ್ಸು ಪರೀಕ್ಷೆಗೆ ಉರುಹೊಡೆಯುವ ಪಾಠವಾಗಿಯೇ ಉಳಿದರೆ ಅದರ ರುಚಿ ಹತ್ತುವುದಿಲ್ಲ.

ಈಗ ಮೂರನೆಯ ಸಾಲು ಬೇಕು: ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23 ಮಾತ್ರೆ. ಎರಡನೆಯ ಅಕ್ಷರ ‘ಳ’. ಬೈಕಿನವನ ಗತಿ ಏನಾಯಿತೆಂದು ನೀವೇ ಬರೆಯಿರಿ.