ಯಾವೂರು ಯವ್ವಾ?

ನಸುಕಿನ ಐದೂವರೆ. ಬಾದಾಮಿಗೆ ಹತ್ತಿರದ ಚೊಳಚಗುಡ್ಡ. ಬನದ ಹುಣ್ಣಿಮೆ ಕಳೆದರೂ ಬನಶಂಕರಿ ಜಾತ್ರೆ ಕಳೆಗುಂದಿಲ್ಲ. ರಾತ್ರಿಯಿಡೀ ನಡೆದ ನಾಟಕ ಈಗಷ್ಟೇ ಮುಗಿದು, ಜನ ಕಂಬಳಿ ಹೊದ್ದು ಹೊರಬರುತ್ತಿದ್ದಾರೆ. ನೀವು ಗುಡಿಯ ಹೊಂಡದ ಕಡೆ ಹೆಜ್ಜೆ ಹಾಕುತ್ತೀರಿ. ಸುತ್ತಲಿನ ಮಂಟಪದ ಹಾಸುಗಲ್ಲು ಅಂಗಾಲನ್ನು ಕೊರೆಯುತ್ತದೆ.

ಕಂಬಗಳ ಮರೆಯಲ್ಲಿ ಮಲಗಿದವರೆಲ್ಲ ಒಬ್ಬೊಬ್ಬರಾಗಿ ಎದ್ದು ಗಂಟು ಕಟ್ಟುತ್ತಾರೆ, ಬಸ್ಸಿಗೆ ಓಡುತ್ತಾರೆ. ಮೂಲೆಯ ಅಜ್ಜಿ ಮಾತ್ರ ಕದಲುವುದಿಲ್ಲ. ಒಂದು ಚಾದರ, ಒಂದು ತಂಬಿಗೆ. ಹತ್ತಬೇಕಾದ ಬಸ್ಸು ಆಕೆಗಿಲ್ಲ.

ರೊಟ್ಟಿ ಮಾರುವ ಹೆಂಗಸು ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂರುತ್ತಾಳೆ. ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕುಡಿಕೆಯ ಮೊಸರು. ಬರಗಾಲದಲ್ಲಿ ಕಾಯಿಪಲ್ಲೆ ಕೊಟ್ಟು ಲೋಕ ಸಲಹಿದ ಶಾಕಂಬರಿ, ಅಂದರೆ ಬನಶಂಕರಿಯ ಅಂಗಳ ಇದು. ಹಸಿದವರಿಗೆ ತುತ್ತು ಸಿಗುತ್ತದೆ.

"ಯಾವೂರು ಯವ್ವಾ ನಿಮ್ದು?"

ಅಜ್ಜಿ ರೊಟ್ಟಿ ಮುರಿಯುತ್ತಾಳೆ. "ಇತ್ತವ್ವಾ ಒಂದು."

ಆ ಉತ್ತರದ ಮುಂದೆ ನೀವು ಕಚೇರಿಗಳ ಬಾಗಿಲು ಎಣಿಸತೊಡಗುತ್ತೀರಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಅದಕ್ಕೆ ಆಧಾರ್ ಬೇಕು, ಬ್ಯಾಂಕಿನದೋ ಅಂಚೆಯದೋ ಖಾತೆ ಬೇಕು. ರೇಷನ್ ಕಾರ್ಡಿಗೆ ವಿಳಾಸ ಬೇಕು. 2024ರವರೆಗೆ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ತಂಗುವ ವಸತಿ ಇರಬೇಕು, ತಂಗಿದವರಿಗೆ ಪಿಂಚಣಿ, ಪಡಿತರ, ಚಿಕಿತ್ಸೆ ಅಲ್ಲಿಂದಲೇ ಕೂಡಿಬರಬೇಕು ಎಂದಿತ್ತು. ಆದರೆ ಅದು ನಗರಗಳ ಲೆಕ್ಕವಾಗಿತ್ತು. ಹಳ್ಳಿಯ ಈ ಕಲ್ಲುಮಂಟಪ ಅದರೊಳಗೆ ಬರುತ್ತಿರಲಿಲ್ಲ.

ಮನಸ್ಸು ಕದಡಿ ಅಲೆಯುವವರಿಗೂ ದಾರಿಯಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಪೊಲೀಸರು ಅಂಥವರನ್ನು 24 ತಾಸಿನೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿಗೆ ಹಾಕಕೂಡದು, ಕಾಣೆಯಾದವರೆಂದು ದೂರು ದಾಖಲಿಸಿ ಮನೆಯವರನ್ನು ಹುಡುಕಬೇಕು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ.

ಬಾಗಿಲುಗಳು ಬೇಕಾದಷ್ಟಿವೆ. ಒಂದೊಂದೂ ಒಂದೊಂದು ಓಣಿಯಲ್ಲಿದೆ. ತಂಬಿಗೆ ಹಿಡಿದ ಈ ಮುದಿ ಕೈ ಅಷ್ಟನ್ನೂ ಒಂಟಿಯಾಗಿ ತಟ್ಟಲಾರದು. ಪಂಚಾಯಿತಿ, ಆಸ್ಪತ್ರೆ, ಠಾಣೆ, ತಹಶೀಲ್ದಾರ್ ಕಚೇರಿ ಒಂದರೊಡನೊಂದು ಮಾತಾಡಬೇಕು. ಆಕೆಯ ಮಗ್ಗುಲಲ್ಲಿ ಕೊನೆತನಕ ಒಬ್ಬರು ನಡೆಯಬೇಕು. ಕಳೆದ ಬದುಕು ತಿರುಗಿ ಕಟ್ಟಿಕೊಳ್ಳುವುದು ಹಾಗೆ.

ಪೂರ್ವದಲ್ಲಿ ಬೆಳಕು ಒಡೆಯುತ್ತದೆ. ದೀಪಸ್ತಂಭದ ನೆರಳು ನೀರಿಗೆ ಇಳಿಯುತ್ತದೆ. ರೊಟ್ಟಿಯಾಕೆ ಎದ್ದಿಲ್ಲ, ಬುಟ್ಟಿ ಇನ್ನೂ ತುಂಬಿಯೇ ಇದೆ.

"ಊರಿಗೆ ಹ್ಯಾಂಗ ಹೋಗಬೇಕು ಯವ್ವಾ?"

ಅಜ್ಜಿ ಬಹಳ ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ ಮಲಪ್ರಭೆಯ ದಿಕ್ಕಿಗೆ ಕೈ ಎತ್ತುತ್ತಾಳೆ.

"ಹೊಳಿ ದಾಟಬೇಕು."

ರೊಟ್ಟಿಯಾಕೆ ನಿಮ್ಮ ಕಡೆ ತಿರುಗುತ್ತಾಳೆ. "ಬರಕೋರಿ," ಎನ್ನುತ್ತಾಳೆ.