ಮಗ್ಗದ ಮನೆಯ ಯುಗಾದಿ

ಪರರ ಮದುವೆಗಳಿಗೆ ರೇಷ್ಮೆ ನೇಯುವ ಮೊಳಕಾಲ್ಮೂರಿನ ಮನೆಗಳಲ್ಲಿ ಮಕ್ಕಳಿಗೆ ಹಬ್ಬಕ್ಕೊಂದು ಹೊಸ ಅಂಗಿ ದೊರೆಯದೆ ಹೋಗುವುದು ನಮ್ಮ ಬಾಲ್ಯದಲ್ಲಿ ಅಪೂರ್ವ ಸಂಗತಿಯೇನೂ ಆಗಿರಲಿಲ್ಲ. ಆದರೂ ಒಂದು ಯುಗಾದಿಗೆ, ಚಳ್ಳಕೆರೆಯ ಪೇಟೆಯಿಂದ ಬಟ್ಟೆ ತರುವೆನೆಂದು ಮಾತುಕೊಟ್ಟಿದ್ದ ಅಪ್ಪ ಬರಿಗೈಯಲ್ಲಿ ಹಿಂದಿರುಗಿದಾಗ, ಬೇವುಬೆಲ್ಲವನ್ನೂ ಮುಟ್ಟದೆ, ಮರುದಿನ ಚಂದ್ರದರ್ಶನವಾದ ಬಳಿಕ ಹಿರಿಯರ ಕಾಲಿಗೆರಗುವ ವೇಳೆಯಲ್ಲಿ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲರಿಗೂ ನಮಸ್ಕರಿಸಿದ ನನ್ನ ಹಠವನ್ನು ಅವ್ವ ಬಹುಕಾಲ ಆಡಿಕೊಳ್ಳುತ್ತಿದ್ದಳು. ಅಪ್ಪ ಮಾತ್ರ, "ಚಂದ್ರ ಕಂಡನೇನಪ್ಪಾ?" ಎಂದಷ್ಟೇ ಕೇಳಿ ಮಗ್ಗಕ್ಕೆ ಇಳಿದ.

ಕುಣಿಯೊಳಗೆ ಕಾಲಿಳಿಬಿಟ್ಟು, ಒಡಲಿಗೊಂದು, ಅಂಚುಗಳಿಗೆ ಎರಡು, ಹೀಗೆ 3 ಲಾಳಿಗಳನ್ನು ನಡೆಸುತ್ತ, ಎರಡು ಬಣ್ಣಗಳು ಒಂದರೊಳಗೊಂದು ಹೆಣೆದುಕೊಳ್ಳುವಂತೆ ಹೊಕ್ಕು ಹೊಕ್ಕಿಗೂ ಎಳೆ ಕೂಡಿಸುವ ಆ ನೇಯ್ಗೆಯಲ್ಲಿ ಸೀರೆ ಮಗ್ಗದಿಂದ ಇಳಿಯುವವರೆಗೆ ನಮಗೆ ಮಜೂರಿಯಿಲ್ಲ. ಇಳಿದ ಮೇಲೂ, ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಊರವರ ಮದುವೆಗಳು ಮುಂದೆ ಹೋದಂತೆ ಸಾಹುಕಾರನ ಹಣವೂ ಮುಂದೆ ಹೋಗುತ್ತಿತ್ತೆಂಬುದು ನನಗೆ ತಿಳಿದದ್ದು ನಾನೇ ಮನೆಯ ಲೆಕ್ಕ ಹಿಡಿದ ಮೇಲೆ. ಅಷ್ಟರಲ್ಲಿ ಕೋಪ ತಾನಾಗಿಯೇ ಕರಗಿತ್ತು. ಅದನ್ನು ಕ್ಷಮೆಯೆಂದು ಕರೆಯಲು ಈಗಲೂ ಸಂಕೋಚ. ಕ್ಷಮಿಸಲು ಅಲ್ಲಿ ಅಪರಾಧವೆಲ್ಲಿತ್ತು?

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನವು ಧರ್ಮಗುಣಗಳನ್ನು ಹೇಳುವಾಗ ಮಾತಾಪಿತೃಗಳ ಶುಶ್ರೂಷೆಯನ್ನೇ ಮೊದಲು ಎಣಿಸುತ್ತದೆ. ಶಾಲೆಯಿಂದ ಅಲ್ಲಿಗೆ ಕರೆದೊಯ್ದ ದಿನ ನನ್ನ ಲಕ್ಷ್ಯವೆಲ್ಲ ಅವ್ವ ಕಟ್ಟಿಕೊಟ್ಟಿದ್ದ ಬುತ್ತಿಯ ಮೇಲಿತ್ತೆಂಬುದು ಬೇರೆ ಮಾತು.